ಈ ಬಾಟ್ಲಿ ಒಂದು ಮುಗಿಯಲಿ

ಸುಮ್ಮನೆ ಕೂರುವ ಅಭ್ಯಾಸ ನನಗೆ ಮೊದಲಿನಿಂದಲೂ ಇಲ್ಲ. ಆ ವರ್ಷವಂತೂ ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ತಿರುಗುತ್ತಿದ್ದೆ. ಬೆಳಿಗ್ಗೆ ಒಂದು ಒಲೆಯಲ್ಲಿ ಚಾ, ಇನ್ನೊಂದರಲ್ಲಿ ಮಗಳ ಟಿಫಿನ್ನಿನ ಪಲ್ಯ, ನಡುನಡುವೆ ಮೇಜಿಗೆ ಬಂದು ಸ್ಟೀಲಿನ ತಟ್ಟೆಯೊಂದರಲ್ಲಿ ಗಂಡನ ಗುಳಿಗೆಗಳನ್ನು ಜೋಡಿಸುವುದು. ಹಳದಿ ಮೀನೆಣ್ಣೆಯದು, ಹಸಿರು ಬ್ರಾಹ್ಮಿಯದು, ಅರಶಿನದ್ದು, ಕೆಂಪಗಿನ ಬಿ-ಟ್ವೆಲ್ವ್, ಊರಿನಿಂದ ತಂದ ಕಂದು ಬಣ್ಣದ 'ಮೆಮೊರಿ' ಕ್ಯಾಪ್ಸೂಲು. ಇವಿಷ್ಟೂ ನನ್ನ ಇಲಾಖೆ. ಡಾಕ್ಟರು ಬರೆದುಕೊಟ್ಟ ಮಾತ್ರೆಗಳು ಬೇರೆ: ಸಕ್ಕರೆ ಕಾಯಿಲೆಗೆ, ಹೃದಯಕ್ಕೆ, ಮರೆವಿಗೆ. ಗಂಡ ಬಂದು ಕೂತು, ಮಾತಿಲ್ಲದೆ, ಒಂದೊಂದನ್ನೇ ನುಂಗುವರು. ಕೊನೆಯದು ಗಂಟಲಿನಿಂದ ಕೆಳಗೆ ಇಳಿಯುವವರೆಗೆ ನಾನು ಎದುರಿಗೆ ನಿಂತಿರುತ್ತಿದ್ದೆ. ಆಮೇಲೆ ಪುನಃ ಅಡುಗೆಮನೆಗೆ ಓಡುತ್ತಿದ್ದೆ.

ಅವರಿಗೆ ಆಲ್ಝೈಮರ್ ಎಂದು ಡಾಕ್ಟರು ಹೇಳಿದಾಗ ಇನ್ನೂ ಅರವತ್ತು ತುಂಬಿರಲಿಲ್ಲ. ಈ ಕಾಯಿಲೆ ಮುದುಕರಿಗೆ ಬರುವುದು ಎಂದುಕೊಂಡಿದ್ದವಳು ನಾನು. ದುಬೈಯ ಒಂದು ಕ್ಲಿನಿಕ್ಕಿನಲ್ಲಿ ನನ್ನ ಕೆಲಸ. ರೋಗಿಗಳ ಔಷಧಿಗೆ ಇನ್ಶೂರೆನ್ಸ್ ಕಂಪೆನಿಗಳಿಂದ ಒಪ್ಪಿಗೆ ತರಿಸುವುದು. ದಿನವಿಡೀ ಕಾಯಿಲೆಗಳ ಹೆಸರನ್ನೇ ಟೈಪ್ ಮಾಡುವವಳಿಗೆ ಆ ಒಂದು ಹೆಸರು ತನ್ನ ಮನೆಗೂ ಬರಬಹುದು ಎಂದು ಹೊಳೆದಿರಲಿಲ್ಲ. ಅವರು ಜೆಬೆಲ್ ಅಲಿಯ ಒಂದು ಗೋಡೌನಿನಲ್ಲಿ ಸ್ಟೋರ್‌ಕೀಪರ್. ಯಾವ ಸಾಲಿನ ಯಾವ ಅಟ್ಟದಲ್ಲಿ ಯಾವ ಪೆಟ್ಟಿಗೆ ಇದೆ ಎಂದು ಕಂಪ್ಯೂಟರಿಗಿಂತ ಮೊದಲು ಹೇಳುತ್ತಿದ್ದ ಮನುಷ್ಯ. ಆ ಮನುಷ್ಯ ಒಂದು ದಿನ ಮನೆಯ ಲಿಫ್ಟಿನೊಳಗೆ ನಿಂತು, ಯಾವ ಗುಂಡಿ ಒತ್ತಬೇಕೆಂದು ನನ್ನ ಮುಖ ನೋಡಿದರು.

ಕಾಯಿಲೆಯ ಹೆಸರು ಕೇಳಿದ ದಿನ ಆಸ್ಪತ್ರೆಯ ಪಾರ್ಕಿಂಗಿನಲ್ಲೇ ಅವರು ಆ ಮಾತು ಎತ್ತಿದರು. ಮನೆಯಲ್ಲಿ ನಾವು ಆಡುವುದು ಕೊಂಕಣಿ. ಇಲ್ಲಿ ಊರ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಕಂಪೆನಿಗೆ ಹೇಳುವ," ಎಂದರು. "ಗೋಡೌನಲ್ಲಿ ಫೋರ್ಕ್‌ಲಿಫ್ಟ್ ಓಡ್ತಾ ಇರ್ತದೆ. ನಾನು ಎಂತಾದ್ರೂ ತಪ್ಪು ಹೇಳಿದ್ರೆ ಬೇರೆಯವರಿಗೆ ಪೆಟ್ಟಾಗ್ತದೆ."

"ಈಗ ಬೇಡ. ಡಾಕ್ಟ್ರು ಬಿ-ಟ್ವೆಲ್ವ್ ಕಡಿಮೆ ಉಂಟು ಹೇಳಿದ್ರಲ್ಲ? ಈ ಬಾಟ್ಲಿ ಒಂದು ಮುಗಿಯಲಿ. ಮತ್ತೆ ನೋಡುವ."

ಯಾಕೆ ಹಾಗೆ ಹೇಳಿದೆ ಎಂದು ಗಲ್ಫಿನಲ್ಲಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಊರಿನಲ್ಲಿರುವವರಿಗಾಗಿ ಹೇಳುತ್ತೇನೆ. ಇಲ್ಲಿ ಇರಬೇಕಾದರೆ ವೀಸಾ ಬೇಕು, ವೀಸಾ ಬೇಕಾದರೆ ಕೆಲಸ ಬೇಕು. ಮದುವೆಯಾಗಿ ಬಂದಂದಿನಿಂದ ನಾನು ಗಂಡನ ವೀಸಾದ ಮೇಲೆ ಇದ್ದವಳು. ಕ್ಲಿನಿಕ್ಕಿನಲ್ಲಿ ದುಡಿಯುತ್ತಿದ್ದರೂ ನನ್ನ ಸ್ಪಾನ್ಸರ್, ಅಂದರೆ ವೀಸಾಕ್ಕೆ ಹೊಣೆಗಾರ, ಅವರೇ. ಮಗಳೂ ಅವರ ವೀಸಾದಲ್ಲೇ. ಅವಳು ಹನ್ನೆರಡನೇ ಕ್ಲಾಸಿನಲ್ಲಿದ್ದಳು. ಅವರ ಕೆಲಸ ಹೋದರೆ ಮೂವರ ಪಾಸ್‌ಪೋರ್ಟಿನ ಮೇಲೂ ಒಂದೇ ರದ್ದಿನ ಠಸ್ಸೆ ಬೀಳುತ್ತದೆ. ಮಗಳು ಹುಟ್ಟಿ ಬೆಳೆದ ಊರು ಇದು. ಪರೀಕ್ಷೆಯ ವರ್ಷದಲ್ಲಿ ಅವಳನ್ನು ಎಬ್ಬಿಸಿಕೊಂಡು ಎಲ್ಲಿಗೆ ಹೋಗುವುದು? ಆದ್ದರಿಂದ ಅವರು ಕೆಲಸ ಮಾಡುವಷ್ಟು ನೆಟ್ಟಗೆ ಇರಬೇಕು, ಕಂಪೆನಿಗೆ ಗೊತ್ತಾಗಬಾರದು. ಇಷ್ಟೇ ನನ್ನ ತಲೆಯಲ್ಲಿ ಇದ್ದದ್ದು. ಅವರ ತಲೆಯಲ್ಲಿ ಏನಿತ್ತು ಎಂದು ನಾನು ಕೇಳಲಿಲ್ಲ.

ಬಿ-ಟ್ವೆಲ್ವ್‌ನಿಂದ ನಿಜವಾಗಿಯೂ ಗುಣ ಕಂಡಿತು, ಅದೇ ಎಲ್ಲದಕ್ಕೂ ಮೂಲ. ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಆ ಮಾತ್ರೆ ನುಂಗಿದವರಿಗೆ ರಕ್ತದಲ್ಲಿ ಅದು ಕಡಿಮೆಯಾಗುವುದುಂಟಂತೆ. ಮೊದಲು ಸೂಜಿ, ಆಮೇಲೆ ಗುಳಿಗೆ. ಕಾಲಿನ ಜೋಮು ಇಳಿಯಿತು, ಮುಖದ ಆಯಾಸ ಹೋಯಿತು. ಒಂದು ಸಂಜೆ ಮಗಳ ಫಿಸಿಕ್ಸ್ ಟೀಚರಿನ ಹೆಸರನ್ನು ಯಾರೂ ಕೇಳದೆ ತಾವಾಗಿ ಹೇಳಿದರು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ, ಸಂತೋಷದಿಂದ. ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು: ಕೊರತೆ ಇದ್ದದ್ದನ್ನು ಇದು ತುಂಬಿಸುತ್ತದೆ, ಹಾಗಾಗಿ ಇವರು ಸ್ವಲ್ಪ ಚುರುಕಾಗಬಹುದು, ಆದರೆ ಆ ಕಾಯಿಲೆ ಬೇರೆ, ಅದನ್ನು ಇದು ನಿಲ್ಲಿಸುವುದಿಲ್ಲ. ನನ್ನ ಕಿವಿಗೆ ಮೊದಲರ್ಧ ಮಾತ್ರ ಹೋಯಿತು. ಒಂದು ಬಾಟ್ಲಿಯಿಂದ ಇಷ್ಟು ಆಗುವುದಾದರೆ ಐದು ಬಾಟ್ಲಿಯಿಂದ ಎಷ್ಟಾಗಬೇಡ ಎಂದು ಲೆಕ್ಕ ಹಾಕಿದೆ.

ಪೂಜೆ ಮುಗಿದು ಇಗರ್ಜಿಯ, ಅಂದರೆ ಚರ್ಚಿನ, ಅಂಗಳದಲ್ಲಿ ನಮ್ಮವರು ಗುಂಪುಗುಂಪಾಗಿ ನಿಲ್ಲುತ್ತಾರೆ. ಅಲ್ಲಿ ನಾನು ಕಾಯಿಲೆಯ ಹೆಸರು ಹೇಳಲಿಲ್ಲ, "ಇವರಿಗೆ ಈಗೀಗ ಸ್ವಲ್ಪ ಮರೆವು" ಎಂದು ಬಾಯಿ ಬಿಟ್ಟೆ, ಅಷ್ಟೇ. ಪ್ರತಿಯೊಬ್ಬರ ಬಳಿಯೂ ಒಂದೊಂದು ಮದ್ದು ಇತ್ತು. ಒಬ್ಬರಿಗೆ ಮೀನೆಣ್ಣೆ, ಒಬ್ಬರಿಗೆ ಅರಶಿನದ ಸತ್ವ, ಒಬ್ಬರ ಮಗ ಕೆನಡಾದಿಂದ ಕಳಿಸಿದ ಪುಡಿ. ನಮ್ಮ ಕಟ್ಟಡದಲ್ಲೇ ಇರುವ ಗೆಳತಿಯೊಬ್ಬಳು, ಆಸ್ಪತ್ರೆಯ ರಿಸೆಪ್ಶನಿನವಳು, ತೆಂಗಿನೆಣ್ಣೆಯದೇ ಪಟ್ಟು ಹಿಡಿದಳು.

"ದಿನಾ ಒಂದು ಚಮಚ ಕುಡಿಸು ಮಾರಾಯ್ತಿ. ಯೂಟ್ಯೂಬಲ್ಲಿ ದೊಡ್ಡ ಡಾಕ್ಟ್ರು ಹೇಳಿದ್ದು."

ಅದನ್ನು ಕೇಳಿ ನನ್ನ ಗಂಡ ಬಹಳ ದಿನಗಳ ಮೇಲೆ ನಕ್ಕರು. "ತೆಂಗಿನೆಣ್ಣೆಯಲ್ಲಿ ಮರೆವು ಹೋಗುದಾದ್ರೆ ನಮ್ಮ ಮಂಗ್ಳೂರಲ್ಲಿ ಒಬ್ಬನಿಗೂ ಮರೆವು ಬರ್ಲಿಕ್ಕಿಲ್ಲ ಅಲ್ವಾ? ನಾವು ಹುಟ್ಟಿದ ದಿನದಿಂದ ಅದ್ರಲ್ಲೇ ಈಜಿದ್ದು."

ಎಲ್ಲರೂ ನಕ್ಕರು. ನಾನು ಮರುದಿನ ಬೆಳಿಗ್ಗೆ ಒಂದು ಚಮಚ ಕುಡಿಸಿದೆ.

ಮಗಳು ಮಾತ್ರ ತಟ್ಟೆಯನ್ನು ನೋಡಿ ಹುಬ್ಬು ಗಂಟು ಹಾಕುತ್ತಿದ್ದಳು. ನಾನು ಕೊಂಕಣಿಯಲ್ಲಿ ಕೇಳಿದರೆ ಅವಳ ಉತ್ತರ ಇಂಗ್ಲಿಷಿನಲ್ಲೇ. "ಮಮ್ಮಾ, ಡು ಯು ಈವನ್ ನೋ ವಾಟ್ಸ್ ಇನ್ ದಟ್ ಬ್ರೌನ್ ಒನ್?"

ಆ ಕಂದು ಕ್ಯಾಪ್ಸೂಲಿನಲ್ಲಿ ಏನಿದೆ ಎಂದು ನನಗೆ ಗೊತ್ತಿರಲಿಲ್ಲ. ಅದಕ್ಕೆ ಕಾರಣ ಕೇಳಿದರೆ ಗಲ್ಫಿನ ಯಾವ ಹೆಂಗಸೂ ನನ್ನನ್ನು ಬೈಯಲಿಕ್ಕಿಲ್ಲ. ಬೇಸಿಗೆ ರಜೆಗೆ ಊರಿಗೆ ಹೋದಾಗ ಮಂಗಳೂರಿನ ಅಂಗಡಿಯವನು ಆ ಕ್ಯಾಪ್ಸೂಲನ್ನು ಬಹಳ ಹೊಗಳಿದ. ನಾನು ವರ್ಷಕ್ಕಾಗುವಷ್ಟು ಕೊಂಡೆ. ಹೊರಡುವ ಮುನ್ನಾದಿನ ಶುರುವಾಯಿತು ನಮ್ಮ ಮಾಮೂಲಿ ಸಂಭ್ರಮ: ಸೂಟ್‌ಕೇಸನ್ನು ಕೊಕ್ಕೆಯ ತಕ್ಕಡಿಗೆ ನೇತುಹಾಕುವುದು, ಮುಳ್ಳು ನೋಡಿ ಶಾಪ ಹಾಕುವುದು, ಪುನಃ ಬಿಚ್ಚುವುದು. ಕುಚ್ಚಲಕ್ಕಿ ಬಿಡಲಾಗುವುದಿಲ್ಲ, ಹಪ್ಪಳ ಬಿಡಲಾಗುವುದಿಲ್ಲ, ಉಪ್ಪಿನಕಾಯಿಯಂತೂ ಕೇಳುವುದೇ ಬೇಡ. ಆಗ ಗಲ್ಫಿನವರು ಏನು ಮಾಡುತ್ತಾರೆ? ರಟ್ಟಿನ ಪೆಟ್ಟಿಗೆಗಳನ್ನೆಲ್ಲ ಕಿತ್ತು ಬಿಸಾಡುತ್ತಾರೆ. ಸೋಪಿನ ಪೆಟ್ಟಿಗೆ, ಸೀರೆಯ ಪೆಟ್ಟಿಗೆ, ಮದ್ದಿನ ಪೆಟ್ಟಿಗೆ, ಯಾವುದಕ್ಕೂ ದಯೆ ಇಲ್ಲ. ನಾನೂ ಕ್ಯಾಪ್ಸೂಲಿನ ಬಾಟ್ಲಿಗಳನ್ನೂ ರಟ್ಟನ್ನೂ ಒಳಗಿನ ಮಡಿಸಿದ ಕಾಗದವನ್ನೂ ಎಸೆದು, ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಡಬ್ಬಿಗೆ ಸುರಿದೆ. ಮುಚ್ಚಳದ ಮೇಲೆ ನೇಲ್‌ಪಾಲಿಶಿನಿಂದ ಒಂದು ಕೆಂಪು ಬೊಟ್ಟು ಇಟ್ಟೆ, ಬೆಳಗಿನದ್ದೆಂದು ಗುರುತಿಗೆ. ನನ್ನ ಅಚ್ಚುಕಟ್ಟಿನ ಬಗ್ಗೆ ನನಗೇ ಮೆಚ್ಚುಗೆ ಬಂತು.

ಹೀಗೆ ಬಾಟ್ಲಿಗಳು ಒಂದರ ಹಿಂದೆ ಒಂದು ಮುಗಿದವು. ಪ್ರತಿ ಸಲ ಒಂದು ಮುಗಿದಾಗ ಅವರು ನೆನಪಿಟ್ಟುಕೊಂಡು ಕೇಳುತ್ತಿದ್ದರು. ಬೇರೆಲ್ಲ ಮರೆತರೂ ಇದನ್ನು ಹೇಗೆ ನೆನಪಿಡುತ್ತಾರೋ ಎಂದು ನನಗೆ ಸಿಟ್ಟು ಬರುತ್ತಿತ್ತು.

"ಈಗ ಹೇಳುವನಾ?"

"ಹೊಸದು ಶುರು ಮಾಡಿದ್ದಷ್ಟೆ. ಇದೊಂದು ಮುಗಿಯಲಿ."

ಅವರು ತಲೆ ಆಡಿಸಿ ಬಸ್ಸಿಗೆ ಹೊರಡುವರು. ಕಾರಿನ ಕೀಲಿಯನ್ನು ಆಗಲೇ ನಾನು ತೆಗೆದಿಟ್ಟುಕೊಂಡಿದ್ದೆ. ಕಂಪೆನಿಯ ಬಸ್ಸು ಅಲ್ ಕುಸೈಸಿನ ನಮ್ಮ ಕಟ್ಟಡದ ಹತ್ತಿರವೇ ಬರುತ್ತಿತ್ತು. ಅವರು ಹತ್ತಿದ ಮೇಲೆ ನನಗೆ ಕ್ಲಿನಿಕ್ಕಿನಲ್ಲಿ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಫೋನು ರಿಂಗಾದರೆ ಗೋಡೌನಿನಿಂದಲೇ ಎನ್ನಿಸುವುದು, ರಿಂಗಾಗದಿದ್ದರೆ ಯಾಕೆ ಆಗಲಿಲ್ಲ ಎನ್ನಿಸುವುದು. ಬೇರೆಯವರ ಮಾತ್ರೆಗಳಿಗೆ ಒಪ್ಪಿಗೆ ಕೇಳಿ ಟೈಪ್ ಮಾಡುತ್ತ ಮಾಡುತ್ತ ಎದ್ದು ಹೋಗಿ ನೀರು ಕುಡಿದು ಬರುತ್ತಿದ್ದೆ. ಹೊಟ್ಟೆ ತುಂಬ ನೀರೇ.

ಒಂದು ಶನಿವಾರ ಅಬುಧಾಬಿಯಲ್ಲಿರುವ ನನ್ನ ಅಣ್ಣನ ಮನೆಗೆ ಹೋದೆವು. ಅಣ್ಣ ಅಲ್ಲಿ ಹೋಟೆಲ್ ಒಂದರಲ್ಲಿ ಕೆಲಸಕ್ಕಿದ್ದಾನೆ. ಕಾಯಿಲೆಯ ವಿಷಯ ಪೂರ್ತಿ ಗೊತ್ತಿದ್ದವನು ಅವನೊಬ್ಬನೇ. ಬೆಳಿಗ್ಗೆಯೇ ನಮ್ಮನ್ನು ಅಲ್ ಮೀನಾದ ಮೀನು ಮಾರ್ಕೆಟಿಗೆ ಕರೆದುಕೊಂಡು ಹೋದ. ಮೀನಿನ ಎದುರಿಗೆ ನನ್ನ ಗಂಡ ಹಳೆಯ ಮನುಷ್ಯನೇ ಆಗಿಬಿಟ್ಟರು. ಅಂಜಲ್ ಮೀನಿನ ಕಿವಿರು ಎತ್ತಿ ನೋಡಿ, ಬೆರಳಿನಿಂದ ಒತ್ತಿ ನೋಡಿ, ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದು, ಮಾರುವವನೊಂದಿಗೆ ಹಿಂದಿಯಲ್ಲಿ ಜಗ್ಗಾಡಿ, ಕೊನೆಗೆ "ಖಲಾಸ್" ಎಂದು ಚೀಲಕ್ಕೆ ಹಾಕಿಸಿದರು. ನಾನು ಹೆಮ್ಮೆಯಿಂದ ಅಣ್ಣನ ಕಡೆ ನೋಡಿದೆ, ನೋಡು ನನ್ನ ಗುಳಿಗೆಗಳ ಮಹಿಮೆ ಎನ್ನುವ ಹಾಗೆ. ಅಣ್ಣ ಮೀನು ನೋಡುತ್ತಿರಲಿಲ್ಲ. ತೋಳು ಮಡಚಿದ್ದ ಭಾವನ ಕೈಯನ್ನು ನೋಡುತ್ತಿದ್ದ.

"ಭಾವ, ಇದೆಂತ ಕೈಯಲ್ಲಿ?"

ಮೊಣಕೈಯಿಂದ ಕೆಳಗೆ ನೀಲಿ ಮಚ್ಚೆಗಳು. ಅಂಗೈಯಷ್ಟು ಅಗಲದ್ದೂ ಒಂದಿತ್ತು.

"ಗೋಡೌನಲ್ಲಿ ತಾಗಿದ್ದಿರ್ಬೇಕು," ಎಂದರು ಅವರು. "ನೆನಪಿಲ್ಲ."

ಮನೆಗೆ ಬಂದು ಮೀನು ಹುರಿಯುವಾಗ ಅಣ್ಣ ಬೆನ್ನು ಹತ್ತಿದ. ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಬರುತ್ತದಾ ಎಂದು ಕೇಳಿದ. ಬರುತ್ತಿತ್ತು, ನಾನು ಬ್ರಶ್ ಬದಲಾಯಿಸಿದ್ದೆ. ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ ಅವರು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರು, ಅದು ಅಣ್ಣನಿಗೂ ಗೊತ್ತು.

"ನೀನು ಡಾಕ್ಟ್ರ ಹತ್ರ ಹೋಗು. ಮತ್ತೆ ಕಂಪೆನಿಯವರಿಗೂ ಹೇಳು. ಎಷ್ಟು ದಿನ ಅಡಗಿಸಿ ಇಡ್ತಿ?"

"ನಿಂಗೆ ಹೇಳ್ಲಿಕ್ಕೆ ಸುಲಭ. ನಿನ್ನ ವೀಸಾ ನಿನ್ನ ಕೈಯಲ್ಲುಂಟು."

ನಾನು ಮಾತನ್ನು ಅಲ್ಲಿಗೇ ತುಂಡು ಮಾಡಿದೆ. ಊಟ ಮಾಡಿ ಕೈ ಒಣಗುವ ಮೊದಲೇ ಹೊರಟೆವು. ದುಬೈಯವರೆಗೂ ನಾನು ಒಂದು ಲೇನಿನಲ್ಲಿ ನಿಲ್ಲದೆ ಗಾಡಿ ಓಡಿಸಿದೆ. ಹಿಂದೆ ಕೂತ ಮಗಳು ಎರಡು ಸಲ "ಮಮ್ಮಾ, ಸ್ಲೋ" ಎಂದಳು.

ಆದರೂ ಆ ವಾರವೇ ಗಂಡನನ್ನು ಅವರ ಡಾಕ್ಟರ ಬಳಿಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಶಾಂತ ಸ್ವಭಾವದವರು. ಮಚ್ಚೆಗಳನ್ನು ನೋಡಿ, ರಕ್ತಪರೀಕ್ಷೆಗೆ ಬರೆದು, ಬೇರೆ ಏನಾದರೂ ಕೊಡುತ್ತಿದ್ದೀರಾ ಎಂದು ಕೇಳಿದರು.

"ಇಲ್ಲ ಡಾಕ್ಟರ್," ಎಂದೆ. "ಬರೀ ವಿಟಮಿನ್."

ಸುಳ್ಳು ಹೇಳಿದೆನೆಂದು ನನಗೆ ಅನ್ನಿಸಲೇ ಇಲ್ಲ. ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುವುದು, ಇನ್ಶೂರೆನ್ಸಿನವರು ಲೆಕ್ಕಕ್ಕೇ ತೆಗೆದುಕೊಳ್ಳದ್ದು, ಅದೆಲ್ಲ ಔಷಧಿ ಹೇಗಾಗುತ್ತದೆ? ಡಾಕ್ಟರು ಎಲ್ಲವನ್ನೂ ತರಲು ಹೇಳಿದರು. ಮರುದಿನ ಚೀಲ ತುಂಬಿಕೊಂಡು ಹೋಗಿ ಅವರ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಅವರು ಒಂದೊಂದರ ಲೇಬಲ್ ಓದಿ ಬದಿಗಿಟ್ಟು, ಕೆಂಪು ಬೊಟ್ಟಿನ ಡಬ್ಬಿಯನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದರು.

"ಇದರಲ್ಲಿ ಏನಿದೆ?"

"ಮೆಮೊರಿಯದ್ದು."

"ಅದು ಸರಿ. ಏನು ಹಾಕಿದ್ದಾರೆ?"

ಅಲ್ಲಿಂದಲೇ ಮಂಗಳೂರಿನ ತಂಗಿಗೆ ಫೋನು ಮಾಡಿದೆ. ಅವಳು ಅಂಗಡಿಗೆ ಹೋಗಿ ರಟ್ಟಿನ ಪೆಟ್ಟಿಗೆಯ ಫೋಟೋ ಕಳಿಸಿದಳು. ಗಿಂಕ್ಗೊ ಎಂಬ ಎಲೆಯ ಸತ್ವ ಅದರಲ್ಲಿ ಮುಖ್ಯವಾದದ್ದು. ಕೆಳಗೆ ಸಣ್ಣ ಅಕ್ಷರದಲ್ಲಿ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಬಳಸಬಾರದು ಎಂದು ಬರೆದಿತ್ತು. ಆ ಸಣ್ಣ ಅಕ್ಷರಗಳನ್ನು ನಾನು ತೂಕ ಕಡಿಮೆ ಮಾಡಲಿಕ್ಕಾಗಿ ಊರಿನ ಕಸದ ಬುಟ್ಟಿಗೆ ಹಾಕಿ ಬಂದಿದ್ದೆ.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಏನಾದರೂ ಹೇಳಿ ಹಗುರಾಗುತ್ತಿದ್ದೆ. ಇದೂ, ಹೆಚ್ಚು ಪ್ರಮಾಣದ ಮೀನೆಣ್ಣೆಯೂ, ಅರಶಿನದ ಸತ್ವವೂ ಆ ಮಾತ್ರೆಯ ಜೊತೆ ಸೇರಿ ರಕ್ತಸ್ರಾವವನ್ನು ಹೆಚ್ಚಿಸಬಹುದು, ಕೈಯ ಮೇಲೆ ಆದದ್ದು ತಲೆಯೊಳಗೆ ಆಗಿದ್ದರೆ ಕಷ್ಟವಿತ್ತು ಎಂದರು. ಬಿ-ಟ್ವೆಲ್ವ್ ಇರಲಿ, ಅದು ಇವರಿಗೆ ಬೇಕು. ವಿಟಮಿನ್ ಡಿ ಕಡಿಮೆ ಇದ್ದರೆ ಅದನ್ನೂ ಕೊಡೋಣ. ಮೀನು ತಿನ್ನಲಿ, ಸೊಪ್ಪು ತಿನ್ನಲಿ, ಸಂಜೆ ನಡೆಯಲಿ. ಉಳಿದದ್ದು ಯಾವುದೇ ಆಗಲಿ, ಬಾಯಿಗೆ ಹಾಕುವ ಮೊದಲು ತನಗೆ ತೋರಿಸಿ ಎಂದರು.

"ಹಾಗಾದರೆ ಮರೆವನ್ನು ನಿಲ್ಲಿಸುವುದು ಯಾವುದು?" ನನ್ನ ದನಿ ಏರಿತ್ತು.

"ನಿಲ್ಲಿಸುವಂಥದ್ದು ಈ ಮೇಜಿನ ಮೇಲೆ ಯಾವುದೂ ಇಲ್ಲ," ಎಂದರು ಅವರು. "ಇದರಲ್ಲಿ ಕೆಲವು ಊರುಗೋಲಾಗಬಹುದು, ಅಷ್ಟೇ. ಅವರ ಕೆಲಸದ ಕಡೆ ತಿಳಿಸಿದ್ದೀರಾ?"

ನಾನು ಕೇಳಿಸದವಳಂತೆ ಡಬ್ಬಿಗಳನ್ನು ಚೀಲಕ್ಕೆ ತುಂಬಿದೆ. ಗಂಡ ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಡಾಕ್ಟರನ್ನು.

ಮಚ್ಚೆಗಳು ಮಾಸಿದವು. ನನಗೆ ಮಾತ್ರ ಹುಚ್ಚು ಹಿಡಿದ ಹಾಗಾಯಿತು. ಬೆಳಗಿನ ತಟ್ಟೆಯಲ್ಲಿ ಒಂದು ಕೆಂಪು ಗುಳಿಗೆ ಬಿಟ್ಟರೆ ನನ್ನದು ಎಂಬುದು ಏನೂ ಇರಲಿಲ್ಲ. ಕಪಾಟಿನ ಬಾಗಿಲು ತೆರೆಯುವುದು, ಮುಚ್ಚುವುದು. ಸೊಪ್ಪಿನ ಕಟ್ಟು ತಂದು ತಂದು ಫ್ರಿಜ್ಜಿನಲ್ಲಿ ಜಾಗ ಸಾಲದಾಯಿತು. ಬೇರೆಯವರ ಗಂಡಂದಿರು ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ನಗುವುದನ್ನು ಕೇಳಿದರೆ ಮೈ ಉರಿಯುತ್ತಿತ್ತು. ಆದರೂ ಕಂಪೆನಿಗೆ ಹೇಳಲಿಲ್ಲ. ಬಿ-ಟ್ವೆಲ್ವ್ ಬಾಟ್ಲಿ ಇನ್ನೂ ಮುಗಿದಿರಲಿಲ್ಲವಲ್ಲ.

ಅಂಥ ಒಂದು ಸಂಜೆ ನಾನು ಕೆಳಗೆ ಕಾಯುತ್ತಿದ್ದಾಗ ಕಂಪೆನಿಯ ಬಸ್ಸು ಬಂದು ನಿಂತಿತು, ಒಬ್ಬೊಬ್ಬರೇ ಇಳಿದರು, ಬಾಗಿಲು ಮುಚ್ಚಿತು. ಗಂಡ ಇಳಿಯಲಿಲ್ಲ. ಡ್ರೈವರನ ಕಿಟಕಿಗೆ ಬಡಿದು ಕೇಳಿದೆ. ಇವತ್ತು ಅವರು ತನ್ನ ಗಾಡಿಗೆ ಹತ್ತಲೇ ಇಲ್ಲ, ಓವರ್‌ಟೈಮ್ ಇರಬೇಕು ಎಂದ. ಅವರ ಫೋನು ಸ್ವಿಚ್ ಆಫ್. ಗೋಡೌನಿಗೆ ಫೋನು ಮಾಡಿದರೆ, ಹೊತ್ತಿಗೆ ಸರಿಯಾಗಿಯೇ ಹೊರಟರಲ್ಲ ಎಂದರು. ಯಾಕೆ ಕೇಳುತ್ತೀರಿ ಎಂಬ ಪ್ರಶ್ನೆಗೆ ಉತ್ತರ ಕೊಡದೆ ಇಟ್ಟೆ. ಬಸ್‌ಸ್ಟಾಪಿನಿಂದ ಮನೆಗೆ, ಮನೆಯಿಂದ ಬಸ್‌ಸ್ಟಾಪಿಗೆ ಓಡಾಡಿದೆ. ಜೆಬೆಲ್ ಅಲಿಯ ಆ ಟ್ರೇಲರುಗಳ ರಸ್ತೆ ಕಣ್ಣೆದುರು ಬರುತ್ತಿತ್ತು. ದೇವರ ಹತ್ತಿರ ಬೇಡಲಿಕ್ಕೂ ಮನಸ್ಸು ಒಂದು ಕಡೆ ನಿಲ್ಲಲಿಲ್ಲ.

ಆಮೇಲೆ ಗುರುತಿಲ್ಲದ ನಂಬರಿನಿಂದ ಫೋನು ಬಂತು. ಮುಹೈಸ್ನಾದ ಒಂದು ಲೇಬರ್ ಕ್ಯಾಂಪಿನ ವಾಚ್‌ಮನ್. ನಾವೆಲ್ಲ ಸೋನಾಪುರ ಎನ್ನುವುದು ಅದನ್ನೇ. ನಮ್ಮ ಕುಸೈಸಿನಿಂದ ಕಾರಿನಲ್ಲಿ ಹೋದರೆ ಹತ್ತಿರವೇ. "ಒಬ್ಬ ಸಾಹೇಬರು ಬಂದಿದ್ದಾರೆ, ತಮ್ಮ ರೂಮು ಇಲ್ಲೇ ಅನ್ನುತ್ತಾರೆ. ಈ ನಂಬರು ಅವರೇ ಹೇಳಿದ್ದು," ಎಂದ ಹಿಂದಿಯಲ್ಲಿ. ಬಿಳಿ ಬಸ್ಸುಗಳೆಲ್ಲ ಒಂದೇ ತರಹ. ಗೋಡೌನಿನ ಗೇಟಿನಲ್ಲಿ ಅವರು ಯಾವುದೋ ಕೂಲಿಯವರ ಬಸ್ಸಿಗೆ ಹತ್ತಿದ್ದರು. ಮದುವೆಗೆ ಮೊದಲು, ಹೆಲ್ಪರ್ ಆಗಿ ಈ ದೇಶಕ್ಕೆ ಬಂದಾಗ, ಅವರು ಸೋನಾಪುರದ ಕ್ಯಾಂಪಿನಲ್ಲೇ ಇದ್ದವರು.

ನಾನು ತಲುಪಿದಾಗ ಅವರು ವಾಚ್‌ಮನ್ನನ ಕುರ್ಚಿಯಲ್ಲಿ ಕಾಗದದ ಲೋಟದಲ್ಲಿ ಚಾ ಹಿಡಿದು ಕೂತಿದ್ದರು. ಕೆಲಸ ಮುಗಿಸಿ ಬಂದವರು ಹೆಗಲಿಗೆ ಟವೆಲು ಹಾಕಿಕೊಂಡು ಒಳಗೆ ಹೊರಗೆ ಓಡಾಡುತ್ತಿದ್ದರು. ಯಾರೂ ನಗುತ್ತಿರಲಿಲ್ಲ. ಗಂಡ ನನ್ನನ್ನು ನೋಡಿ ಎದ್ದು ನಿಂತರು, ಕಾರಿಗೆ ಬಂದು ತಾವೇ ಬೆಲ್ಟ್ ಹಾಕಿಕೊಂಡರು. ಸಿಗ್ನಲಿನಲ್ಲಿ ನನ್ನ ಬೆರಳುಗಳು ಸ್ಟೀರಿಂಗಿನ ಮೇಲೆ ಕುಣಿಯುತ್ತಿದ್ದವು. ಅವರೇ ಮಾತು ಶುರು ಮಾಡಿದರು.

"ತಪ್ಪು ಬಸ್ಸು ಅಂತ ಮೊದಲು ಗೊತ್ತಾಗ್ಲಿಲ್ಲ. ಗೇಟ್ ನೋಡಿದ ಕೂಡ್ಲೆ ಖುಷಿ ಆಯ್ತು. ರೂಮಿಗೆ ಬಂದೆ ಅಂತ ಅನ್ನಿಸಿತು. ಮತ್ತೆ ನಿನ್ನ ನೆನಪಾಯ್ತು. ಆಗ ಹೆದರಿಕೆ ಆಯ್ತು."

ಬಾಯಿ ತೆರೆದರೆ ಕೂಗಾಡಿಬಿಡುತ್ತಿದ್ದೆ.

"ನಾಳೆ ನಾನು ಹೇಳ್ತೇನೆ ಮ್ಯಾನೇಜರ್‌ಗೆ. ಇವತ್ತು ನಾನು ಬಸ್ಸು ತಪ್ಪಿದ್ದು. ನಾಳೆ ಫೋರ್ಕ್‌ಲಿಫ್ಟಿನವನಿಗೆ ತಪ್ಪು ಹೇಳಿದ್ರೆ? ಅವನಿಗೂ ಮಕ್ಕಳಿದ್ದಾರೆ." ಆಮೇಲೆ ಅಂದರು: "ಆ ಗುಳಿಗೆಗಳಲ್ಲಿ ಎಂತದೂ ಆಗುದಿಲ್ಲ ಅಂತ ನಂಗೆ ಮೊದಲೇ ಗೊತ್ತಿತ್ತು."

"ಮತ್ತೆ ಯಾಕೆ ನುಂಗಿದ್ರಿ ಅಷ್ಟು ದಿನ?"

"ನಾನು ನುಂಗುವಾಗ ನೀನು ಒಂದು ಕಡೆ ನಿಲ್ತಿದ್ದಿ. ಬಾಕಿ ಹೊತ್ತು ನೀನು ನಿಲ್ಲುದೇ ಇಲ್ಲ."

ಸಿಗ್ನಲ್ ಹಸಿರಾಗಿ ಹಿಂದಿನವನು ಹಾರ್ನ್ ಹೊಡೆದ. ನಾನು ಗಾಡಿಯನ್ನು ಬದಿಗೆ ತೆಗೆದು ನಿಲ್ಲಿಸಿದೆ. ಅವರು ಎಷ್ಟೋ ಹೊತ್ತು ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡಿದ್ದರು.

ಮರುದಿನ ನಾನೂ ಜೊತೆಗೆ ಹೋದೆ. ಮಾತಾಡಿದ್ದು ಅವರೇ. ಮ್ಯಾನೇಜರ್ ಒಳ್ಳೆಯ ಮನುಷ್ಯ. ಕೇಳಿ ಕನ್ನಡಕ ತೆಗೆದಿಟ್ಟು ಕಣ್ಣು ಉಜ್ಜಿಕೊಂಡ. ಆದರೂ ಗೋಡೌನಿನಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ, ಅದು ನಮಗೂ ಗೊತ್ತಿತ್ತು. ವೀಸಾ ಕ್ಯಾನ್ಸಲ್ ಮಾಡುವ ಮೊದಲು ನನ್ನ ವ್ಯವಸ್ಥೆ ಆಗುವವರೆಗೆ ಕಾಯುತ್ತೇನೆಂದು ಮಾತು ಕೊಟ್ಟ. ಅಲ್ಲಿಂದ ನಾನು ಸೀದಾ ಕ್ಲಿನಿಕ್ಕಿಗೆ ಹೋಗಿ, ಅಷ್ಟು ದಿನ ಯಾರಿಗೂ ಹೇಳದ ಆ ಹೆಸರನ್ನು ನನ್ನ ಮೇಲಿನವರಿಗೆ ಬಾಯಿ ಬಿಟ್ಟು ಹೇಳಿದೆ. ಕ್ಲಿನಿಕ್ಕಿನವರು ತಮ್ಮದೇ ವೀಸಾ ಮಾಡಿಕೊಡಲು ಒಪ್ಪಿದರು. ನನ್ನ ವೀಸಾ ಆದರೆ ಅದರ ಮೇಲೆ ಗಂಡನನ್ನೂ ಮಗಳನ್ನೂ ಇಟ್ಟುಕೊಳ್ಳಬಹುದು. ಅದಕ್ಕಾಗಿ ಆಫೀಸಿನಿಂದ ಆಫೀಸಿಗೆ ಅಲೆದ ದಿನಗಳಲ್ಲಿ ನನಗೆ ಕಾಲು ನೋವೂ ಗೊತ್ತಾಗಲಿಲ್ಲ. ಓಡಲಿಕ್ಕೆ ಒಂದು ದಾರಿ ಸಿಕ್ಕಿತ್ತು.

ಕೊನೆಗೆ ನನ್ನ ವೀಸಾ ಆಗಿ, ಅದರ ಮೇಲೆ ಅವರ ಅರ್ಜಿ ಹಾಕಲು ಒಂದು ದಿನ ಇಬ್ಬರೂ ಟೈಪಿಂಗ್ ಸೆಂಟರಿಗೆ, ಅಂದರೆ ಅಂಥ ಅರ್ಜಿ ತುಂಬಿಕೊಡುವಲ್ಲಿಗೆ, ಹೋದೆವು. ಕೌಂಟರಿನಲ್ಲಿ ಒಬ್ಬ ಮಲಯಾಳಿ ಹುಡುಗಿ ಇದ್ದಳು, ಅವಳ ಎದುರಿನ ಕುರ್ಚಿಗಳಲ್ಲಿ ಕೂತೆವು. ಗಂಡ ಇಸ್ತ್ರಿ ಮಾಡಿದ ಅಂಗಿ ಹಾಕಿ, ಮೂವರ ಪಾಸ್‌ಪೋರ್ಟುಗಳ ಪೌಚನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದರು. ಮದುವೆಯಾದಂದಿನಿಂದ ಆ ಕಾಗದಪತ್ರಗಳ ಕೆಲಸ ಅವರದ್ದೇ. ನಾನು ಹಿಂದೆ ನಿಂತು ಸಹಿ ಹಾಕಿದವಳು.

"ಫ್ಯಾಮಿಲಿ ವೀಸಾ. ಸ್ಪಾನ್ಸರ್ ಯಾರು?" ಹುಡುಗಿ ತಲೆ ಎತ್ತದೆ ಕೇಳಿದಳು.

"ಸ್ಪಾನ್ಸರ್ ನಾನು," ಎಂದರು ಅವರು. ಒಂದಿಷ್ಟೂ ತಡವರಿಸಲಿಲ್ಲ. ಎಷ್ಟೋ ತಿಂಗಳ ಮೇಲೆ ಅಷ್ಟು ಗಟ್ಟಿಯಾದ ದನಿ ಕೇಳಿದೆ. "ಇದು ನನ್ನ ಹೆಂಡ್ತಿ. ಒಬ್ಬಳು ಮಗಳು."

ಹುಡುಗಿಯ ಬೆರಳುಗಳು ಕೀಲಿಗಳ ಮೇಲೆ ನಿಂತವು. ಅವಳು ಕಾಗದ ನೋಡಿದಳು, ನನ್ನನ್ನು ನೋಡಿದಳು. ಅವರ ಆ ದನಿಯನ್ನು ಮುರಿಯುವುದು ನನ್ನಿಂದ ಆಗುತ್ತಿರಲಿಲ್ಲ. ಹಿಂದೆ ಸಾಲಿನಲ್ಲಿದ್ದವರು ಕೆಮ್ಮಿದರು. ಆ ದಿನ ನನಗೆ ಎಲ್ಲಿಗೂ ಹೋಗುವ ಅವಸರ ಇರಲಿಲ್ಲ, ಆದರೂ ಎದ್ದು ಓಡಿಬಿಡಬೇಕೆನ್ನಿಸಿತು.

"ಸ್ಪಾನ್ಸರ್ ನಾನು," ಎಂದೆ. "ಇವರು ನನ್ನ ಗಂಡ."

ಅವರು ನನ್ನ ಕಡೆ ತಿರುಗಿದರು. ಸಿಟ್ಟು ಬರುತ್ತದೆಂದು ಕಾದೆ. ಅವರ ಹಣೆಯ ಗೆರೆಗಳು ಕೂಡಿಕೊಂಡವು, ಏನನ್ನೋ ಹುಡುಕಿದವು, ನಿಧಾನವಾಗಿ ಬಿಟ್ಟುಕೊಂಡವು. ಕಂಕುಳಿಂದ ಪೌಚನ್ನು ತೆಗೆದು, ಅದರ ಜಿಪ್ಪನ್ನು ಪೂರ್ತಿ ಎಳೆದು ನೋಡಿ, ಎರಡೂ ಕೈಯಿಂದ ನನ್ನ ಮಡಿಲಲ್ಲಿ ಇಟ್ಟರು.

"ಹಾಗಾದ್ರೆ ಇದನ್ನು ನೀನೇ ಇಟ್ಕೊ," ಎಂದರು. "ನನ್ನ ಪಾಸ್‌ಪೋರ್ಟೂ ಅದ್ರಲ್ಲೇ ಉಂಟು."